ದೊಡ್ಡ ಗಿರಾಕಿ ಹೊರಟರೆ ಉಳಿದ ಖರ್ಚು ಯಾರ ತಲೆಗೆ? ಜೆಸ್ಕಾಂ ಭಾಗದವರು ಮಾತಾಡೋಣ ಬನ್ನಿ

ಕಪನೂರು ಲೆಕ್ಕಿಗ, ಕಲಬುರಗಿ

ಎಲ್ಲರಿಗೂ ಶರಣು. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಇಂಧನ ಸಚಿವಾಲಯ ವಿದ್ಯುತ್ ತಿದ್ದುಪಡಿ ಮಸೂದೆಯ ಕರಡು ಹೊರಬಿಟ್ಟಿತು. ಅದರ ಮೂರು ಮಾತು ನಮ್ಮ ಭಾಗಕ್ಕೆ, ಅಂದರೆ ಜೆಸ್ಕಾಂ ಕಂಪನಿ ಕರೆಂಟ್ ಹಂಚುವ ಕಲಬುರಗಿ ಕಡೆಗೆ, ನೇರ ತಟ್ಟುತ್ತವೆ. ಒಂದೇ ಊರಿನಲ್ಲಿ ಒಂದಕ್ಕಿಂತ ಜಾಸ್ತಿ ಕಂಪನಿಗಳು ಅದೇ ಕಂಬ, ಅದೇ ತಂತಿ ಬಳಸಿ ಕರೆಂಟ್ ಮಾರಬಹುದು. 1 ಮೆಗಾವ್ಯಾಟ್ ಮೀರಿದ ಗಿರಾಕಿಗೆ ಕರೆಂಟ್ ಕೊಡಲೇಬೇಕು ಅನ್ನೋ ಹೊಣೆಯಿಂದ ವಿತರಣಾ ಕಂಪನಿಗೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ವಿನಾಯಿತಿ ಕೊಡಬಹುದು. ಕಾರ್ಖಾನೆ, ರೈಲ್ವೆ, ಮೆಟ್ರೋ ಬಿಲ್ಲುಗಳಲ್ಲಿ ಸೇರಿರುವ ಕ್ರಾಸ್ ಸಬ್ಸಿಡಿ ಐದು ವರ್ಷದೊಳಗೆ ಮುಗಿಯಬೇಕು.

ಕ್ರಾಸ್ ಸಬ್ಸಿಡಿ ಅಂದರೆ, ಕಾರ್ಖಾನೆ ಮತ್ತು ಅಂಗಡಿಗಳಿಂದ ತಗಲುವ ಖರ್ಚಿಗಿಂತ ಜಾಸ್ತಿ ವಸೂಲಿ ಮಾಡಿ ಮನೆ ಮತ್ತು ಪಂಪ್‌ಸೆಟ್‌ಗಳ ದರ ತಗ್ಗಿಸುವುದು.

ನಾನು ಬೇಳೆ ಮಿಲ್‌ಗಳ ಲೆಕ್ಕ ಬರೆಯುತ್ತೇನೆ. ಒಂದು ಎಚ್‌ಟಿ (ಹೈ ಟೆನ್ಷನ್, ದೊಡ್ಡ ಲೋಡಿನ) ಬಿಲ್ ಬಿಡಿಸಿ ನೋಡೋಣ. ಮೇಲ್ಗಡೆ ಡಿಮ್ಯಾಂಡ್ ಚಾರ್ಜ್, ಕೆವಿಎ (ಲೋಡಿನ ಅಳತೆ) ಲೆಕ್ಕ. ಮಿಲ್ ಓಡಲಿ, ನಿಲ್ಲಲಿ, ಕರಾರು ಮಾಡಿಕೊಂಡ ಲೋಡಿನ ಬಹುಪಾಲಿಗೆ ಕಟ್ಟಲೇಬೇಕು. ಕೆಳಗೆ ಯೂನಿಟ್ ಲೆಕ್ಕ. ಆಮೇಲೆ ಇಂಧನ ಹೊಂದಾಣಿಕೆ, ತೆರಿಗೆ. 2025ರ ಏಪ್ರಿಲ್‌ನಿಂದ ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬ್ತು, 2025-26ರಲ್ಲಿ ಯೂನಿಟ್‌ಗೆ 36 ಪೈಸೆ ಇತ್ತು. ತೊಗರಿ ಸುಗ್ಗಿ ಕಳೆದು ಮಾಲು ಕಮ್ಮಿಯಾದಾಗ ಯೂನಿಟ್ ಸಾಲು ಇಳಿಯುತ್ತದೆ, ಡಿಮ್ಯಾಂಡ್ ಸಾಲು ಅಲ್ಲೇ ನಿಲ್ಲುತ್ತದೆ. 'ಬಳಸದೇ ಇದ್ದದ್ದಕ್ಕೆ ಯಾಕ್ರೀ ದುಡ್ಡು?' ಅಂತ ಮಾಲೀಕರು ಕೇಳುತ್ತಾರೆ.

ಕಾರಣ ಇದೆ. ಥರ್ಮಲ್ ಸ್ಥಾವರಗಳ ಜೊತೆ ಎಸ್ಕಾಂಗಳು (ಜೆಸ್ಕಾಂನಂಥ ವಿತರಣಾ ಕಂಪನಿಗಳು) ವರ್ಷಗಟ್ಟಲೆ ಅವಧಿಯ ಖರೀದಿ ಒಪ್ಪಂದ ಮಾಡಿಕೊಂಡಿರುತ್ತವೆ. ಅಲ್ಲೂ ಎರಡು ಭಾಗ. ಕರೆಂಟ್ ಎಳೆದರೆ ಕಲ್ಲಿದ್ದಲಿನ ದುಡ್ಡು. ಎಳೆಯದಿದ್ದರೂ ಸ್ಥಾವರದ ಸಾಲ, ಬಡ್ಡಿ, ಸಂಬಳದ ಪಾಲು. ಗಿರಾಕಿ ಬಿಟ್ಟು ಹೋದರೆ ಕಲ್ಲಿದ್ದಲಿನ ದುಡ್ಡು ಉಳಿಯುತ್ತದೆ. ಮಿಕ್ಕಿದ್ದು ಉಳಿಯುವುದಿಲ್ಲ.

ತಿಳಿಯಲಿ ಅಂತ ಸರಳ ಸಂಖ್ಯೆಯಲ್ಲಿ ಒಂದು ಲೆಕ್ಕ ಹಾಕುತ್ತೇನೆ, ಇದು ಯಾವ ಕಂಪನಿಯದ್ದೂ ಅಲ್ಲ. 100 ಯೂನಿಟ್ ಮಾರುವ ಒಂದು ಕಂಪನಿ. ತಂತಿ, ಸಿಬ್ಬಂದಿ, ಸ್ಥಾವರದ ಸ್ಥಿರ ಖರ್ಚು 300 ರೂಪಾಯಿ. ಕರೆಂಟಿನ ಖರ್ಚು ಯೂನಿಟ್‌ಗೆ 4ರಂತೆ 400. ಒಟ್ಟು 700. ಕಾರ್ಖಾನೆಗಳು 30 ಯೂನಿಟ್‌ಗೆ 9ರಂತೆ 270 ಕೊಡುತ್ತವೆ. ಉಳಿದ 70 ಯೂನಿಟ್‌ನಿಂದ, ಸರ್ಕಾರದ ಸಬ್ಸಿಡಿ ಸೇರಿ, 430 ಬರುತ್ತದೆ. ಲೆಕ್ಕ ಚುಕ್ತಾ. ಈಗ ಕಾರ್ಖಾನೆಗಳು ಹೋದವು ಅನ್ನಿ. 270 ಹೋಯಿತು, ಖರ್ಚಿನಲ್ಲಿ ಉಳಿದದ್ದು 120 ಮಾತ್ರ. 150 ರೂಪಾಯಿ ಖೋತಾ. ಅದನ್ನು 70 ಯೂನಿಟ್ ಮೇಲೆ ಹಂಚಿದರೆ ಯೂನಿಟ್‌ಗೆ 2 ರೂಪಾಯಿ 14 ಪೈಸೆ ಏರಬೇಕು.

ಹಾಗಂತ ಪೈಪೋಟಿಯೇ ಬೇಡ ಅನ್ನುವವನು ನಾನಲ್ಲ. ಒಬ್ಬನೇ ಮಾರುವವನಿದ್ದರೆ ಗಿರಾಕಿ ಮಾತಿಗೆ ಬೆಲೆ ಇರುವುದಿಲ್ಲ. ನನ್ನ ಮಾತು ಇಷ್ಟು: ಬಾಗಿಲು ತೆರೆಯಲಿ. ಆದರೆ ಹೊರಡುವವರು ತಮ್ಮ ಪಾಲಿನ ಹಳೇ ಖರ್ಚನ್ನು ಒಂದು ಅವಧಿಯವರೆಗೆ ಕಟ್ಟಲಿ, ಆ ಅವಧಿ ಮೊದಲೇ ಗೊತ್ತಿರಲಿ. ಸರ್ಕಾರ ಘೋಷಿಸಿದ ಸಬ್ಸಿಡಿ ಮುಂಗಡವಾಗಿ ನಗದಿನಲ್ಲಿ ಬರಲಿ. ಇವೆರಡೂ ಆಗದೆ ಬಾಗಿಲು ತೆರೆದರೆ ಪೆಟ್ಟು ಬೀಳುವುದು ನಮ್ಮಂಥ ನಡುವಿನವರಿಗೆ. ಬೇಳೆ ಮಿಲ್‌ಗಳು 1 ಮೆಗಾವ್ಯಾಟ್ ಮುಟ್ಟುವುದು ಅಪರೂಪ. ಬಿಟ್ಟು ಹೋಗುವಷ್ಟು ದೊಡ್ಡವರಲ್ಲ, ಸಬ್ಸಿಡಿ ಸಿಗುವಷ್ಟು ಸಣ್ಣವರಲ್ಲ. ನೀವೇನಂತೀರಿ?

ಶಹಾಬಾದ್ ಪಾಲಿಶ್ ಯೂನಿಟ್

ಲೆಕ್ಕ ಚೆನ್ನಾಗಿದೆ ಸರ್. ಆದರೆ ಬಂಡೆ ಪಾಲಿಶ್ ಮಾಡುವವರ ಕಷ್ಟವೂ ಕೇಳಿ. ಶಹಾಬಾದ್ ಕಲ್ಲಿಗೆ ಈಗ ಟೈಲ್ಸ್ ಎದುರಾಳಿ. ಚದರ ಅಡಿಗೆ ಒಂದೆರಡು ರೂಪಾಯಿ ವ್ಯತ್ಯಾಸದಲ್ಲಿ ಆರ್ಡರ್ ಕೈತಪ್ಪುತ್ತದೆ. ನಮ್ಮ ಖರ್ಚಿನಲ್ಲಿ ಕೂಲಿ ಬಿಟ್ಟರೆ ಕರೆಂಟೇ ದೊಡ್ಡದು. ಇಪ್ಪತ್ತು ವರ್ಷದಿಂದ ಎಲ್ಲರೂ 'ಕ್ರಾಸ್ ಸಬ್ಸಿಡಿ ನಿಧಾನಕ್ಕೆ ಇಳಿಸುತ್ತೇವೆ' ಅನ್ನುತ್ತಲೇ ಬಂದರು. 2003ರ ವಿದ್ಯುತ್ ಕಾಯ್ದೆಯಲ್ಲೇ ಅದನ್ನು ಇಳಿಸಬೇಕು ಅಂತ ಬರೆದಿದೆ. ಇನ್ನೆಷ್ಟು ವರ್ಷ ಕಾಯಬೇಕು? ಐದು ವರ್ಷ ಅಂತ ಒಬ್ಬರಾದರೂ ಗಡುವು ಹೇಳಿದರಲ್ಲ, ಅದೇ ನನಗೆ ಸಮಾಧಾನ.

ಇನ್ನೊಂದು ಮಾತು. ನಮ್ಮ ಜಿಲ್ಲೆಯಲ್ಲಿ ದೊಡ್ಡ ಗಿರಾಕಿಗಳು ಇನ್ನು ಮೇಲೆ ಹೊರಡಬೇಕಿಲ್ಲ. ಮಳಖೇಡ, ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳು ಸ್ವಂತ ಕರೆಂಟ್ ಮಾಡಿಕೊಂಡು ಎಷ್ಟೋ ಕಾಲವಾಯಿತು. ಸುಮ್ನೆ ಗಾಬರಿ ಬೇಡ ಅಲ್ವಾ?

ಕಪನೂರು ಲೆಕ್ಕಿಗ, ಕಲಬುರಗಿ

ಅದೇ ಮಾತನ್ನು ನಾನು ಇನ್ನೊಂದು ಕಡೆಯಿಂದ ನೋಡುತ್ತೇನೆ ಅಣ್ಣ. ದೊಡ್ಡವರು ಆಗಲೇ ಹೊರಗಿರುವುದರಿಂದ ಉಳಿದ ಭಾರ ಹೊತ್ತಿರುವವರು ನೀವು, ನಾವು, ಆಸ್ಪತ್ರೆ, ಲಾಡ್ಜ್, ಅಂಗಡಿ. ಇನ್ನು ನಾಲ್ಕು ಜನ ಹೋದರೂ ಹೊರುವ ಹೆಗಲು ಕಮ್ಮಿಯಾಗುತ್ತದೆ. ಗಡುವು ಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಗಡುವಿನ ಜೊತೆಗೆ ಆ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದೂ ಬರೆದಿರಬೇಕು.

ಯಾದಗಿರಿ ಹುಡುಗ, ಈಗ ಪುಣೆ

ನಾನು ಕರೆಂಟ್ ಖರೀದಿ-ಮಾರಾಟದ ಕೆಲಸದಲ್ಲಿದ್ದೇನೆ. ಪೈಪೋಟಿಯ ಪರ ನಿಂತು ಹೇಳುತ್ತೇನೆ, ಬೈಯಬೇಡಿ.

ನಮ್ಮ ದೇಶದಲ್ಲಿ ವಿದ್ಯುತ್ ವಿನಿಮಯ ಕೇಂದ್ರ 2008ರಿಂದ ಇದೆ. ನಾಳೆಯ ಕರೆಂಟನ್ನು ಇವತ್ತು ಹರಾಜು ಹಾಕುತ್ತಾರೆ. ದಿನವನ್ನು 15 ನಿಮಿಷದ 96 ತುಂಡು ಮಾಡಿ, ಒಂದೊಂದು ತುಂಡಿಗೂ ಬೇರೆ ದರ. ಈ ವ್ಯವಸ್ಥೆ ಇಲ್ಲದಿದ್ದರೆ ಮಧ್ಯಾಹ್ನದ ಸೋಲಾರ್ ಎಷ್ಟು ಅಗ್ಗ, ಸಂಜೆ 7ರ ಕರೆಂಟ್ ಎಷ್ಟು ದುಬಾರಿ ಅನ್ನುವುದೇ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಂಪನಿಗಳು ದುಬಾರಿ ಒಪ್ಪಂದ ಮಾಡಿಕೊಂಡು ಕೂತರೂ ಕೇಳುವವರಿರಲಿಲ್ಲ. ಲೆಕ್ಕಿಗ ಸರ್ ಹೇಳಿದ 300 ರೂಪಾಯಿ ಸ್ಥಿರ ಖರ್ಚು ಇದೆಯಲ್ಲ, ಅದರಲ್ಲಿ ಎಷ್ಟು ನಿಜವಾಗಿ ಬೇಕಾದದ್ದು, ಎಷ್ಟು ತಪ್ಪು ಅಂದಾಜಿನ ಫಲ? ಗಿರಾಕಿ ಹೊರಡಬಹುದು ಅನ್ನುವ ಭಯ ಇದ್ದರೆ ಮಾತ್ರ ಆ ಪ್ರಶ್ನೆ ಏಳುತ್ತದೆ.

ಇನ್ನೊಂದು. ಗಿರಾಕಿ ಹೋದರೆ ಸ್ಥಾವರ ಖಾಲಿ ಕೂರುತ್ತದೆ ಅನ್ನುವುದು ಯಾವಾಗಲೂ ನಿಜವಲ್ಲ. ಬೇಡಿಕೆ ಬೆಳೆಯುತ್ತಿದ್ದರೆ ಆ ಕರೆಂಟು ಬೇರೆಯವರಿಗೆ ಹೋಗುತ್ತದೆ, ಇಲ್ಲವೇ ಸಂಜೆ ಹೊತ್ತು ಒಳ್ಳೇ ದರಕ್ಕೆ ಮಾರಬಹುದು. ಅದಕ್ಕೇ ಕೇಂದ್ರದ ದರ ನೀತಿಯಲ್ಲಿ ಒಂದು ಷರತ್ತಿದೆ. ಒಪ್ಪಂದದ ಕರೆಂಟು ನಿಜವಾಗಿಯೂ ಬಳಕೆಯಿಲ್ಲದೆ ಉಳಿದಿದೆ, ಈಗಲೂ ಉಳಿಯುತ್ತಿದೆ ಅಂತ ಸಾಬೀತು ಮಾಡಿದರೆ ಮಾತ್ರ ಹೊರಡುವವರ ಮೇಲೆ ಹೆಚ್ಚುವರಿ ಸರ್‌ಚಾರ್ಜ್ (ಹಳೇ ಖರ್ಚಿನ ಬಾಬ್ತು ಶುಲ್ಕ) ಹಾಕಬೇಕು.

ನಿವೃತ್ತ ಎಇಇ, ಬೀದರ್

ತಮ್ಮಾ, ನೀನು ಹೇಳಿದ್ದು ಸರಿ. ಅರ್ಧ ಮಾತ್ರ ಹೇಳಿದೆ, ಉಳಿದರ್ಧ ನಾನು ಹೇಳುತ್ತೇನೆ.

ನಾನು ಕೆಇಬಿ ಕಾಲದಲ್ಲಿ, ಅಂದರೆ ರಾಜ್ಯ ವಿದ್ಯುತ್ ಮಂಡಳಿ ಇದ್ದಾಗ, ಕೆಲಸಕ್ಕೆ ಸೇರಿದ ಎಂಜಿನಿಯರ್. 1999ರಲ್ಲಿ ಅದು ಕೆಪಿಟಿಸಿಎಲ್ ಅನ್ನುವ ಸರ್ಕಾರಿ ಕಂಪನಿ ಆಯಿತು, ಅದೇ ವರ್ಷ ದರ ನಿಗದಿಗೆ ಕೆಇಆರ್‌ಸಿ, ಅಂದರೆ ರಾಜ್ಯದ ವಿದ್ಯುತ್ ಆಯೋಗ, ಬಂತು. 2002ರ ಜೂನ್‌ನಲ್ಲಿ ವಿತರಣೆಯನ್ನು ನಾಲ್ಕು ಕಂಪನಿ ಮಾಡಿದರು, ಜೆಸ್ಕಾಂ ಅದರಲ್ಲೊಂದು. ಮೈಸೂರಿನದು 2005ರಲ್ಲಿ ಬೇರೆಯಾಯಿತು. ಆವತ್ತು ಹಂಚಿಕೆ ಆದದ್ದು ಜಿಲ್ಲೆಗಳ ಪ್ರಕಾರ. ಬೆಂಗಳೂರಿನ ಕಾರ್ಖಾನೆ, ಆಫೀಸು, ಮಾಲ್ ಎಲ್ಲ ಒಂದು ಕಡೆ ಹೋದವು. ನಮ್ಮ ಕಡೆಗೆ ಬಂದದ್ದು ಉದ್ದುದ್ದ ಲೈನು, ದೂರದೂರ ಹಳ್ಳಿ, ಐಪಿ ಸೆಟ್ (ರೈತರ ನೀರಾವರಿ ಪಂಪ್).

ಆದರೂ ಬೀದರಿನ ಮನೆಗೂ ಬೆಂಗಳೂರಿನ ಮನೆಗೂ ದರ ಹೆಚ್ಚುಕಡಿಮೆ ಒಂದೇ. ಹೇಗೆ? ಯಾವ ಸ್ಥಾವರದ ಕರೆಂಟು ಯಾವ ಎಸ್ಕಾಂಗೆ ಎಷ್ಟು ಅಂತ ಸರ್ಕಾರ ಹಂಚುತ್ತದೆ. ಆದಾಯ ಕಮ್ಮಿ ಇರುವ ಎಸ್ಕಾಂಗಳಿಗೆ ಅಗ್ಗದ ಜಲವಿದ್ಯುತ್ತಿನ ಪಾಲು ಜಾಸ್ತಿ ಕೊಡುತ್ತದೆ. ದುಬಾರಿಯದ್ದನ್ನು ಆದಾಯ ಇದ್ದವರು ಹೊರುತ್ತಾರೆ. ಯಾರ ಬಿಲ್ಲಿನಲ್ಲೂ ಕಾಣದ ಸಬ್ಸಿಡಿ ಇದು. ದಕ್ಷಿಣದ ದುಡ್ಡು ಉತ್ತರಕ್ಕೆ ಹರಿಯುವ ಕಾಲುವೆ ಅನ್ನಿ. ಬೆಂಗಳೂರಿನ ದೊಡ್ಡ ಗಿರಾಕಿಗಳು ಬೇರೆ ಕಂಪನಿಗೆ ಹೋದರೆ ಅಲ್ಲಿನ ಎಸ್ಕಾಂ ದುಬಾರಿ ಕರೆಂಟು ಹೊರುವ ಸ್ಥಿತಿಯಲ್ಲಿ ಇರುವುದಿಲ್ಲ. ಆಗ ಅಗ್ಗದ ಪಾಲಿಗೆ ಅವರೂ ಕೈ ಚಾಚುತ್ತಾರೆ. ಅಲ್ಲಿ ನಡೆದದ್ದು ಆಳಂದ, ಔರಾದ, ಸುರಪುರದ ಬಿಲ್ಲಿಗೆ ಬಂದು ಮುಟ್ಟುತ್ತದೆ. ಶಹಾಬಾದ್‌ನವರೇ, ನಮ್ಮ ಸಿಮೆಂಟ್ ಕಾರ್ಖಾನೆ ಹೊರಗಿದೆ ಅಂತ ನೆಮ್ಮದಿಯಿಂದ ಇರಲು ಆಗದ ಕಾರಣ ಇದು.

ಸಾರಿಗೆ ಸಂಸ್ಥೆಯನ್ನೇ ನೋಡಿ. ಕಲಬುರಗಿ–ಹೈದರಾಬಾದ್ ರೂಟನ್ನು ಬೇರೆಯವರು ಹಿಡಿದುಕೊಂಡು, ಹಳ್ಳಿಯ ವಸ್ತಿ ಬಸ್ಸನ್ನು ಮಾತ್ರ ಸಂಸ್ಥೆ ಓಡಿಸಲಿ ಅಂದರೆ ಎಷ್ಟು ದಿನ ಓಡಿಸುತ್ತದೆ?

ಕಪನೂರು ಲೆಕ್ಕಿಗ, ಕಲಬುರಗಿ

ಸರ್, ಈ ಹಂಚಿಕೆ ವಿಷಯ ನನಗೆ ತುಂಬ ಮುಖ್ಯ ಅನಿಸುತ್ತದೆ. ಪೈಪೋಟಿ ಬಗ್ಗೆ ಮಾತಾಡುವಾಗ ಒಂದು ಕಂಪನಿಯ ಗಿರಾಕಿ, ಒಂದು ಕಂಪನಿಯ ನಷ್ಟ ಅಂತ ಲೆಕ್ಕ ಹಾಕುತ್ತಾರೆ. ರಾಜ್ಯದೊಳಗಿನ ಈ ಕೊಡುಕೊಳ್ಳುವಿಕೆ ಯಾವ ಕರಡಿನಲ್ಲೂ ಎದ್ದು ಕಾಣುವುದಿಲ್ಲ. ನಾವು ಬಾಯಿ ಬಿಡದಿದ್ದರೆ ಬೇರೆ ಯಾರೂ ಹೇಳುವುದಿಲ್ಲ.

ಅಫಜಲಪುರ ಕಬ್ಬು-ತೊಗರಿ

ಎಲ್ಲರೂ ಐಪಿ ಸೆಟ್ಟು, ಐಪಿ ಸೆಟ್ಟು ಅನ್ನುತ್ತೀರಿ. ನಾವೇ ಹೊರೆ ಅನ್ನುವ ಹಾಗೆ ಕೇಳಿಸುತ್ತದೆ. 10 ಎಚ್‌ಪಿವರೆಗಿನ ಪಂಪಿಗೆ 2008ರಿಂದ ಬಿಲ್ಲಿಲ್ಲ, ನಿಜ. ಆದರೆ ನಮಗೆ 24 ಗಂಟೆ ತ್ರೀಫೇಸ್ ಸಿಗುವುದಿಲ್ಲ. 7 ಗಂಟೆ ಅಂತ ಲೆಕ್ಕ, ಅದೂ ಒಂದು ವಾರ ಹಗಲು, ಒಂದು ವಾರ ರಾತ್ರಿ. ಹಾವು ಚೇಳಿನ ನಡುವೆ ಟಾರ್ಚ್ ಹಿಡಿದು ನೀರು ತಿರುಗಿಸುವವರು ನಾವು. 2023ರ ಸೆಪ್ಟೆಂಬರ್ ನಂತರ ಅರ್ಜಿ ಹಾಕಿದವರು ಕಂಬ, ತಂತಿ, ಟಿಸಿಯ (ಟ್ರಾನ್ಸ್‌ಫಾರ್ಮರ್) ಖರ್ಚೂ ತಾವೇ ಹಾಕಬೇಕು.

ನನ್ನ ಪ್ರಶ್ನೆ ಸರಳ. ಟಿಸಿ ಸುಟ್ಟರೆ ಹಳ್ಳಿಯಲ್ಲಿ 72 ಗಂಟೆ, ಪಟ್ಟಣದಲ್ಲಿ 24 ಗಂಟೆಯೊಳಗೆ ಬದಲಿಸಬೇಕು ಅಂತ ನಿಯಮ ಇದೆ. ಒಂದೇ ತಂತಿಯ ಮೇಲೆ ಮೂರು ಕಂಪನಿ ಕರೆಂಟ್ ಮಾರಿದರೆ ಆ ಟಿಸಿಗೆ ಯಾರು ಜವಾಬ್ದಾರಿ? ನಾನು ಯಾರಿಗೆ ಫೋನ್ ಮಾಡಬೇಕು?

ನಿವೃತ್ತ ಎಇಇ, ಬೀದರ್

ತಂತಿ ಯಾರದ್ದೋ ಅವರೇ ಜವಾಬ್ದಾರಿ ಯಜಮಾನ್ರೇ. ಮುಂಬೈಯಲ್ಲಿ ಹಾಗೇ ಇದೆ. ಆದರೆ ನಿಮ್ಮ ಪ್ರಶ್ನೆಯ ಒಳಗೊಂದು ದೊಡ್ಡ ವಿಷಯ ಇದೆ. ತಂತಿ ನೋಡಿಕೊಳ್ಳುವ ಕಂಪನಿಗೆ ಬರುವ ಬಾಡಿಗೆ ಸಾಲದೇ ಹೋದರೆ ಮೊದಲು ಕತ್ತರಿ ಬೀಳುವುದು ನಿರ್ವಹಣೆಗೆ. ಎಣ್ಣೆ ಕಮ್ಮಿಯಾದ ಟಿಸಿ, ಜೋತುಬಿದ್ದ ತಂತಿ, ಖಾಲಿ ಉಳಿದ ಲೈನ್‌ಮನ್ ಹುದ್ದೆ. ನಷ್ಟ ಮೊದಲು ಕಾಣುವುದು ಅಲ್ಲಿ. ಆದ್ದರಿಂದ ತಂತಿ ಬಾಡಿಗೆಯನ್ನು ಯಾರ ಒತ್ತಡಕ್ಕೂ ತಗ್ಗಿಸಬಾರದು. ಕರೆಂಟಿನ ದರದಲ್ಲಿ ಬೇಕಾದರೆ ಪೈಪೋಟಿ ಮಾಡಲಿ.

ನಮ್ಮ ರಾಜ್ಯದಲ್ಲೇ ಹುಕ್ಕೇರಿಯ ಸಹಕಾರಿ ಸಂಘ 1969ರಿಂದ ಕರೆಂಟ್ ಹಂಚುತ್ತಿದೆ. ವಿತರಣೆ ಅಂದರೆ ಸರ್ಕಾರಿ ಕಂಪನಿಯೊಂದೇ ಮಾಡಬೇಕು ಅಂತ ನಾನೂ ಹೇಳುವುದಿಲ್ಲ.

ಐಪಿ ಸೆಟ್ಟಿನ ಬಗ್ಗೆ ಒಂದು ಮಾತು. ಬಹಳಷ್ಟು ಪಂಪಿಗೆ ಮೀಟರ್ ಇಲ್ಲ. ಎಷ್ಟು ಯೂನಿಟ್ ಹೋಯಿತು ಅನ್ನುವುದು ಅಂದಾಜು. ಅಂದಾಜು ಇದ್ದ ಕಡೆ ಸೋರಿಕೆಯೂ ಕಳ್ಳತನವೂ ಅದೇ ಲೆಕ್ಕದಲ್ಲಿ ಅಡಗಿಕೊಳ್ಳಬಹುದು. ಕೊನೆಗೆ ಕೆಟ್ಟ ಹೆಸರು ರೈತರಿಗೆ.

ಅಫಜಲಪುರ ಕಬ್ಬು-ತೊಗರಿ

ಹಾಗಿದ್ದರೆ ಟಿಸಿಗೆ ಮೀಟರ್ ಹಾಕಲಿ ಸಾಹೇಬ್ರೇ. ನಮ್ಮ ಪಂಪಿಗೆ ಮೀಟರ್ ಅಂದರೆ ನಾಳೆ ಬಿಲ್ ಬರುತ್ತದೆ ಅಂತ ಜನ ಹೆದರುತ್ತಾರೆ. ಟಿಸಿ ಮೀಟರಿಗೆ ನಮ್ಮ ತಕರಾರಿಲ್ಲ. ನಾವು ಬಳಸಿದ್ದಷ್ಟೇ ನಮ್ಮ ಲೆಕ್ಕಕ್ಕೆ ಬರಲಿ.

ಅರ್ಥಶಾಸ್ತ್ರ ಮೇಡಂ, ಸೇಡಂ

ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹೊರಗಿನ ಎರಡು ಅನುಭವ ಹೇಳಲೇಬೇಕು ಅನಿಸಿತು. ಎರಡರಲ್ಲೂ ಪೈಪೋಟಿ ತಪ್ಪಾಗಿರಲಿಲ್ಲ, ಅದನ್ನು ಕಟ್ಟಿದ ರೀತಿ ತಪ್ಪಿತ್ತು.

ಮೊದಲನೆಯದು ಅಮೆರಿಕದ ಕ್ಯಾಲಿಫೋರ್ನಿಯಾ. ಅಲ್ಲಿ ವಿತರಣಾ ಕಂಪನಿಗಳು ತಮ್ಮ ಸ್ಥಾವರಗಳಲ್ಲಿ ಬಹಳಷ್ಟನ್ನು ಮಾರಿಬಿಟ್ಟವು. ಕರೆಂಟನ್ನು ದಿನದಿನದ ಮಾರುಕಟ್ಟೆಯಲ್ಲೇ ಕೊಳ್ಳಬೇಕು ಅಂತ ಕಟ್ಟುಪಾಡಾಯಿತು. ಮನೆಗಳಿಗೆ ಮಾರುವ ದರ ಮಾತ್ರ ಏರುವ ಹಾಗಿರಲಿಲ್ಲ. 2000ದ ಬೇಸಿಗೆಯಲ್ಲಿ ಸಗಟು ದರ ಆಕಾಶಕ್ಕೇರಿತು. ಎನ್ರಾನ್‌ನಂಥ ವ್ಯಾಪಾರಿಗಳ ಕೈವಾಡವೂ ಸೇರಿತು. ಹೆಚ್ಚಿಗೆ ಕೊಟ್ಟು ಕೊಂಡು ಕಮ್ಮಿಗೆ ಮಾರಿದ ಪಿಜಿ ಅಂಡ್ ಇ ಕಂಪನಿ 2001ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಕೊಳ್ಳುವ ದರ ಬಿಟ್ಟುಕೊಟ್ಟು ಮಾರುವ ದರ ಕಟ್ಟಿಹಾಕಿದರೆ ಯಾವ ಕಂಪನಿಯೂ ಉಳಿಯುವುದಿಲ್ಲ.

ಎರಡನೆಯದು ಬ್ರಿಟನ್. ಅಲ್ಲಿ ಯಾರು ಬೇಕಾದರೂ ಕರೆಂಟ್ ಮಾರಬಹುದಿತ್ತು. ಕೈಯಲ್ಲಿ ಬಂಡವಾಳ ಇಲ್ಲದ, ಮುಂಗಡ ಖರೀದಿ ಮಾಡಿಡದ ಸಣ್ಣ ಕಂಪನಿಗಳು ಅಗ್ಗದ ದರ ತೋರಿಸಿ ಗಿರಾಕಿ ಸೆಳೆದವು. 2021ರಲ್ಲಿ ಗ್ಯಾಸ್ ದರ ಏರಿದಾಗ ಸಾಲುಸಾಲಾಗಿ ಮುಚ್ಚಿದವು. 15 ಲಕ್ಷಕ್ಕೂ ಹೆಚ್ಚು ಗಿರಾಕಿಗಳಿದ್ದ ಬಲ್ಬ್ ಅನ್ನುವ ಕಂಪನಿ ಆ ನವೆಂಬರ್‌ನಲ್ಲಿ ಸರ್ಕಾರದ ಆಸರೆಗೆ ಬಂತು. ಮುಚ್ಚಿದ ಕಂಪನಿಗಳ ಗಿರಾಕಿಗಳನ್ನು ಸಾಗಿಸಿದ ಖರ್ಚು ಎಲ್ಲರ ಬಿಲ್ಲಿಗೆ ಸೇರಿತು. ಲಾಭ ಇದ್ದಾಗ ಮಾರಿದವರು ಬೇರೆ, ನಷ್ಟ ಕಟ್ಟಿದವರು ಬೇರೆ.

ನಮ್ಮಲ್ಲಿ ಎರಡನೇ ಕಂಪನಿ ಬರುವುದಾದರೆ ಠೇವಣಿ ಎಷ್ಟು, ಮುಂಗಡ ಖರೀದಿ ಎಷ್ಟು, ಮುಚ್ಚಿದರೆ ಗಿರಾಕಿಗೆ ಯಾರು ಅನ್ನುವುದು ಪರವಾನಗಿಯಲ್ಲೇ ಇರಬೇಕು. ನಮ್ಮಿಂದ ಎರಡು ತಿಂಗಳ ಬಿಲ್ಲಿನಷ್ಟು ಭದ್ರತಾ ಠೇವಣಿ ತಗೊಳ್ಳುತ್ತಾರೆ ಅಲ್ವಾ? ಮಾರುವವನಿಗೂ ಅಂಥದ್ದೊಂದು ಬಿಗಿ ಬೇಡವೇ?

ಯಾದಗಿರಿ ಹುಡುಗ, ಈಗ ಪುಣೆ

ಮೇಡಂ, ಬ್ರಿಟನ್ ಮಾತನ್ನು ಪೂರ್ತಿ ಒಪ್ಪುತ್ತೇನೆ. ಮುಂಬೈ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅಲ್ಲಿ ಟಾಟಾ ಮತ್ತು ಈಗಿನ ಅದಾನಿ, ಎರಡು ಕಂಪನಿ ಒಂದೇ ಪ್ರದೇಶದಲ್ಲಿವೆ. 2008ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಜನ ಹಳೇ ಕಂಪನಿಯ ತಂತಿಯ ಮೇಲೇ ಹೊಸ ಕಂಪನಿಯ ಕರೆಂಟ್ ತಗೊಳ್ಳಲು ಶುರುಮಾಡಿದರು. ಬದಲಾದವರಿಂದ ತಂತಿ ಬಾಡಿಗೆಯನ್ನೂ ಕ್ರಾಸ್ ಸಬ್ಸಿಡಿ ಸರ್‌ಚಾರ್ಜನ್ನೂ ವಸೂಲಿ ಮಾಡಿದರು. ಊರು ಕತ್ತಲಾಗಲಿಲ್ಲ. ಮುಂಬೈಯಲ್ಲಿ ಐಪಿ ಸೆಟ್ ಇಲ್ಲ ಅನ್ನುವುದೂ ನನಗೆ ಗೊತ್ತು.

ಇನ್ನು ದರ ಏರಿಳಿತ. 2022ರ ಮಾರ್ಚ್‌ನಲ್ಲಿ ವಿನಿಮಯ ಕೇಂದ್ರದಲ್ಲಿ ಯೂನಿಟ್ 20 ರೂಪಾಯಿ ಮುಟ್ಟಿತು. ಏಪ್ರಿಲ್‌ನಲ್ಲಿ ಕೇಂದ್ರ ವಿದ್ಯುತ್ ಆಯೋಗ 12ರ ಮಿತಿ ಹಾಕಿತು, ಮುಂದಿನ ವರ್ಷ 10ಕ್ಕೆ ಇಳಿಸಿತು. ಇದರಿಂದ ನಾನು ಕಲಿತದ್ದು, ಗಿರಾಕಿ ಪೂರ್ತಿ ಹೊರಟರೆ ಅಷ್ಟು ತೊಂದರೆಯಿಲ್ಲ. ಮಧ್ಯಾಹ್ನ ಅಗ್ಗವಿದ್ದಾಗ ಹೊರಗೆ, ಸಂಜೆ ದುಬಾರಿಯಾದಾಗ ವಾಪಸ್ ಎಸ್ಕಾಂ ಕಡೆಗೆ, ಇದೇ ಕಂಪನಿಗಳನ್ನು ಕೊರೆಯುವುದು. ಸಂಜೆಗೆ ಸ್ಥಾವರ ಸಿದ್ಧ ಇಡಬೇಕು, ಮಧ್ಯಾಹ್ನ ಅದರಿಂದ ಆದಾಯವಿಲ್ಲ. 2022ರ ಹಸಿರು ಓಪನ್ ಆಕ್ಸೆಸ್ ನಿಯಮದಲ್ಲಿ, ಅಂದರೆ ಸೋಲಾರ್‌ನಂಥ ಕರೆಂಟನ್ನು ಎಸ್ಕಾಂ ತಂತಿಯ ಮೇಲೇ ಬೇರೆಯವರಿಂದ ಕೊಳ್ಳುವ ನಿಯಮದಲ್ಲಿ, ಇದಕ್ಕೊಂದು ತಡೆ ಇದೆ. ಒಮ್ಮೆ ಹೇಳಿದ ಪ್ರಮಾಣವನ್ನು 12 ತುಂಡಿನವರೆಗೆ, ಅಂದರೆ 3 ಗಂಟೆ, ಬದಲಿಸುವಂತಿಲ್ಲ. ನನ್ನ ಪ್ರಕಾರ ಅದು ಸಾಲದು.

ಶಹಾಬಾದ್ ಪಾಲಿಶ್ ಯೂನಿಟ್

ಹಸಿರು ಓಪನ್ ಆಕ್ಸೆಸ್‌ಗೆ 100 ಕಿಲೋವ್ಯಾಟ್ ಸಾಕಲ್ವಾ? ಹಾಗಾದರೆ ನಾವೂ ಮಿಲ್‌ನವರೂ ಸೋಲಾರ್ ಕೊಂಡು ಹೋಗಬಹುದಲ್ಲ?

ಕಪನೂರು ಲೆಕ್ಕಿಗ, ಕಲಬುರಗಿ

ನಿಯಮದ ಪ್ರಕಾರ ಹೋಗಬಹುದು ಅಣ್ಣ. ಆದರೆ ಕಾಗದದ ದರ ನೋಡಿ ಸಹಿ ಹಾಕಬೇಡಿ. ಸೋಲಾರ್ ದರದ ಮೇಲೆ ಪ್ರಸರಣ, ವೀಲಿಂಗ್ (ತಂತಿ ಬಾಡಿಗೆ), ದಾರಿಯ ನಷ್ಟ, ಸರ್‌ಚಾರ್ಜ್, ಬ್ಯಾಂಕಿಂಗ್ (ಮಿಕ್ಕ ಕರೆಂಟನ್ನು ಎಸ್ಕಾಂ ಲೆಕ್ಕದಲ್ಲಿಟ್ಟು ಆಮೇಲೆ ತಗೊಳ್ಳುವ ಶುಲ್ಕ), ಹೊಸ ಮೀಟರ್ ಎಲ್ಲ ಸೇರಬೇಕು. ಸೀಸನ್ ಇಲ್ಲದಾಗ ಮಿಲ್ ನಿಂತಿರುತ್ತದೆ, ಸೋಲಾರ್ ಒಪ್ಪಂದ ಮಾತ್ರ ವರ್ಷವಿಡೀ ಓಡುತ್ತದೆ.

ಹಳೇ ಉದಾಹರಣೆ ನಮ್ಮ ರಾಜ್ಯದ್ದೇ ಇದೆ. 2018ರ ಮಾರ್ಚ್ ಒಳಗೆ ಚಾಲೂ ಆದ ಸೋಲಾರ್ ಘಟಕಗಳಿಗೆ 10 ವರ್ಷ ವೀಲಿಂಗ್, ಬ್ಯಾಂಕಿಂಗ್, ಸರ್‌ಚಾರ್ಜ್ ಇಲ್ಲ ಅಂತ ಕೆಇಆರ್‌ಸಿ 2014ರಲ್ಲಿ ಹೇಳಿತ್ತು. ಘಟಕಗಳು ಸಾಲುಗಟ್ಟಿ ಬಂದವು. ದೊಡ್ಡ ಗಿರಾಕಿಗಳು ಅವುಗಳ ಕಡೆ ಹೋದರು. ಗಡುವು ಮುಗಿದ ಕೂಡಲೇ, 2018ರ ಮೇನಲ್ಲಿ, ಶುಲ್ಕದ ಒಂದು ಪಾಲನ್ನು ಅವರ ಮೇಲೂ ಹಾಕಲು ಹೊರಟರು. ವ್ಯಾಜ್ಯವಾಯಿತು. ರಿಯಾಯಿತಿ ಕೊಟ್ಟದ್ದೂ ತಪ್ಪಲ್ಲ, ಎಸ್ಕಾಂ ನಷ್ಟದ ಚಿಂತೆಯೂ ಸುಳ್ಳಲ್ಲ. ನಡುವೆ ಮಾತು ಬದಲಿಸಿದ್ದು ಇಬ್ಬರಿಗೂ ಕೆಟ್ಟದಾಯಿತು. ಅದಕ್ಕೇ ನಾನು ಮೊದಲೇ ಗೊತ್ತಿರುವ ಅವಧಿ ಅಂತ ಒತ್ತಿ ಹೇಳುವುದು. ಮೊದಲ ವರ್ಷ ಪೂರ್ತಿ ಸರ್‌ಚಾರ್ಜ್, ಆಮೇಲೆ ವರ್ಷವರ್ಷ ಇಳಿಕೆ, ಕೊನೆಗೆ ಸೊನ್ನೆ. ಪಟ್ಟಿ ಮೊದಲ ದಿನವೇ ಗೋಡೆಗೆ ಅಂಟಿಸಲಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂದರೆ ಇದೊಂದೇ ದಾರಿ ನನಗೆ ಕಾಣುವುದು.

ಅರ್ಥಶಾಸ್ತ್ರ ಮೇಡಂ, ಸೇಡಂ

ಸಬ್ಸಿಡಿ ಮಾತಿಗೆ ಬರೋಣ. ಗೃಹಜ್ಯೋತಿ ಉದ್ಘಾಟನೆ ಆದದ್ದು ನಮ್ಮ ಕಲಬುರಗಿಯಲ್ಲೇ, 2023ರ ಆಗಸ್ಟ್ 5ರಂದು. 200 ಯೂನಿಟ್‌ವರೆಗೆ, ಹಿಂದಿನ ಸರಾಸರಿ ಬಳಕೆಗೆ ಶೇ 10 ಸೇರಿಸಿ ಉಚಿತ. ನನ್ನ ವಿದ್ಯಾರ್ಥಿಗಳ ಮನೆಗಳಿಗೆ ಅದರಿಂದ ನಿಜವಾದ ಅನುಕೂಲ ಆಗಿದೆ, ಅದು ನಿಲ್ಲಬಾರದು. ಆದರೆ ಉಚಿತ ಅಂದರೆ ಖರ್ಚಿಲ್ಲ ಅಂತಲ್ಲ. ಕಾಯ್ದೆಯ 65ನೇ ಕಲಂ ಸ್ಪಷ್ಟವಾಗಿದೆ. ಸರ್ಕಾರ ಯಾರಿಗಾದರೂ ರಿಯಾಯಿತಿ ಕೊಡಬೇಕಾದರೆ ಆ ದುಡ್ಡನ್ನು ಮುಂಗಡವಾಗಿ ಕಂಪನಿಗೆ ಕೊಡಬೇಕು.

ದುಡ್ಡು ತಡವಾದರೆ ಏನಾಗುತ್ತದೆ ನೋಡಿ. ಎಸ್ಕಾಂ ಸ್ಥಾವರಕ್ಕೆ ತಡ ಮಾಡುತ್ತದೆ. ಸ್ಥಾವರ ಕಲ್ಲಿದ್ದಲಿಗೆ ಸಾಲ ಎತ್ತುತ್ತದೆ. ಆ ಬಡ್ಡಿ ತಿರುಗಿ ದರದಲ್ಲಿ ಬರುತ್ತದೆ. 2022ರಲ್ಲಿ ಕೇಂದ್ರ ತಡ ಪಾವತಿ ನಿಯಮ ತಂದ ಮೇಲೆ ಆಗಸ್ಟ್‌ನಲ್ಲಿ 13 ರಾಜ್ಯಗಳ ವಿತರಣಾ ಕಂಪನಿಗಳಿಗೆ ವಿನಿಮಯ ಕೇಂದ್ರದ ಬಾಗಿಲು ಮುಚ್ಚಿದರು. ಆ ಪಟ್ಟಿಯಲ್ಲಿ ಕರ್ನಾಟಕವೂ ಇತ್ತು. ಅಂದರೆ ಕೈಯಲ್ಲಿ ದುಡ್ಡಿಲ್ಲದ ಕಂಪನಿಗೆ ಅಗ್ಗದ ಮಾರುಕಟ್ಟೆಯೂ ಸಿಗುವುದಿಲ್ಲ. ಹಣಕಾಸು ಗಟ್ಟಿಯಿಲ್ಲದೆ ಪೈಪೋಟಿಯ ಲಾಭವೇ ಇಲ್ಲ.

ದರ ಏರಿಸದೆ ನಷ್ಟವನ್ನು ಮುಂದಕ್ಕೆ ದೂಡುವುದಕ್ಕೂ ಈಗ ಕಡಿವಾಣ ಬಿದ್ದಿದೆ. 2025ರ ಆಗಸ್ಟ್ 6ರಂದು ಸುಪ್ರೀಂ ಕೋರ್ಟ್, ಹೀಗೆ ಕೂಡಿಟ್ಟ ಹಳೇ ಬಾಕಿಯನ್ನು 2024ರ ಏಪ್ರಿಲ್‌ನಿಂದ ಏಳು ವರ್ಷದೊಳಗೆ, ಹೊಸದನ್ನು ಮೂರು ವರ್ಷದೊಳಗೆ ತೀರಿಸಬೇಕು ಅಂತ ಹೇಳಿತು. ಅದು ಕಂಪನಿಗಳಿಗೆ ಒಳ್ಳೆಯದು. ಆದರೆ ತೀರಿಸುವ ದುಡ್ಡು ಉಳಿದ ಗಿರಾಕಿಗಳಿಂದಲೇ ಬರಬೇಕು. ಅಷ್ಟರಲ್ಲಿ ದೊಡ್ಡವರು ಹೊರಗಿದ್ದರೆ?

ನಿವೃತ್ತ ಎಇಇ, ಬೀದರ್

ಸರ್ಕಾರದ ಬಾಕಿ ಅಂದರೆ ಸಬ್ಸಿಡಿ ಒಂದೇ ಅಲ್ಲ ಮೇಡಂ. ಬೀದಿದೀಪ, ಕುಡಿಯುವ ನೀರಿನ ಪಂಪು, ಏತ ನೀರಾವರಿ ಇವುಗಳ ಬಿಲ್ಲೂ ಇದೆ. ಮನೆಯವರು ಒಂದು ತಿಂಗಳು ಕಟ್ಟದಿದ್ದರೆ ಫ್ಯೂಸ್ ಕೀಳುತ್ತಾರೆ. ನೀರಿನ ಪಂಪಿನ ಫ್ಯೂಸ್ ಕೀಳಲು ಆಗುತ್ತದೆಯೇ? ಆಗಬಾರದು ಕೂಡ. ಹೊಸ ಕಂಪನಿ ಬಂದರೆ ಇಂಥ ಗಿರಾಕಿಗಳನ್ನೂ ತಗೊಳ್ಳಲಿ. ಇಷ್ಟು ಮನೆ, ಇಷ್ಟು ನೀರಿನ ಪಂಪು, ಇಷ್ಟು ಐಪಿ ಸೆಟ್ ಅಂತ ಪಾಲು ಹಂಚಿದರೆ ನನ್ನ ವಿರೋಧ ಅರ್ಧ ಇಳಿಯುತ್ತದೆ.

2023ರ ಅಕ್ಟೋಬರ್ ನೆನಪಿದೆಯಾ? ಮಳೆ ಕೈಕೊಟ್ಟು ಪಂಪುಗಳೆಲ್ಲ ಒಟ್ಟಿಗೆ ಓಡಿದವು. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಂ ಬಳಸಿ, ರಾಜ್ಯದ ಖಾಸಗಿ ಉತ್ಪಾದಕರು ಕರೆಂಟನ್ನು ರಾಜ್ಯಕ್ಕೇ ಕೊಡಬೇಕು ಅಂತ ಆದೇಶ ಮಾಡಿತು. ಬರಗಾಲದಲ್ಲಿ ಮಾರುಕಟ್ಟೆ ನಂಬಿ ಕೂರಲು ಯಾವ ಸರ್ಕಾರಕ್ಕೂ ಧೈರ್ಯ ಬರುವುದಿಲ್ಲ. ಕೊನೆಗೆ ಎಲ್ಲರೂ ಓಡಿ ಬರುವುದು ಎಸ್ಕಾಂ ಕಡೆಗೆ. ಆ ಕೊನೇ ಆಸರೆಗೂ ಒಂದು ಖರ್ಚಿದೆ, ಹೊರಗಿರುವವರೂ ಅದಕ್ಕೆ ಕೊಡಬೇಕು.

ಯಾದಗಿರಿ ಹುಡುಗ, ಈಗ ಪುಣೆ

ಇದನ್ನು ಒಪ್ಪುತ್ತೇನೆ ಸರ್. ಹೊರಗೆ ಹೋದವರು ತುರ್ತಿಗೆ ವಾಪಸ್ ಬರಬೇಕಾದರೆ ಆ ಕಾಲದ ಮಾರುಕಟ್ಟೆ ದರ ಕೊಡಲಿ, ಅಥವಾ ವರ್ಷವಿಡೀ ಒಂದು ಸಣ್ಣ ಸ್ಟ್ಯಾಂಡ್‌ಬೈ ಶುಲ್ಕ ಕಟ್ಟಲಿ. ಎರಡರಲ್ಲಿ ಒಂದನ್ನು ಮೊದಲೇ ಆರಿಸಿಕೊಳ್ಳಬೇಕು. ಆದರೆ ನನ್ನ ಕಡೆಯ ಷರತ್ತೂ ಕೇಳಿ. ಸರ್‌ಚಾರ್ಜ್ ವಸೂಲಿ ಆಗುವಷ್ಟು ಕಾಲ ಎಸ್ಕಾಂ ಸೋರಿಕೆ, ಕಳ್ಳತನದ ನಷ್ಟ ಎಷ್ಟು ಇಳಿಸಿತು ಅಂತ ಸಬ್‌ಡಿವಿಷನ್‌ವಾರು ಪ್ರಕಟಿಸಬೇಕು. ಇಳಿಸದಿದ್ದರೆ ಸರ್‌ಚಾರ್ಜ್ ಬೇಗ ಇಳಿಯಬೇಕು. ಇಲ್ಲದಿದ್ದರೆ ನಾವು ಕಟ್ಟುವುದು ಹಳೇ ಖರ್ಚಿಗಲ್ಲ, ಹಳೇ ಚಾಳಿಗೆ.

ಕಪನೂರು ಲೆಕ್ಕಿಗ, ಕಲಬುರಗಿ

ತಮ್ಮಾ, ಈ ಷರತ್ತು ನನ್ನ ಪಟ್ಟಿಯಲ್ಲಿ ಇರಲಿಲ್ಲ. ಈಗ ಸೇರಿತು. ರೈತ ಅಣ್ಣ ಹೇಳಿದ ಟಿಸಿ ಮೀಟರ್ ಇದಕ್ಕೆ ಬೇಕೇ ಬೇಕು, ಅದಿಲ್ಲದೆ ನಷ್ಟ ಇಳಿಯಿತು ಅನ್ನುವುದನ್ನು ನಂಬುವುದು ಹೇಗೆ?

ಕೆಇಆರ್‌ಸಿ ದರ ಪರಿಷ್ಕರಣೆಗೆ ಮೊದಲು ಜೆಸ್ಕಾಂ ಅರ್ಜಿಯ ಮೇಲೆ ಕಲಬುರಗಿಯಲ್ಲಿ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿ ಬರೀ 'ದರ ಏರಿಸಬೇಡಿ' ಅಂತ ಕೂಗಿ ಬರುವುದು ಬೇಡ. ಎಸ್ಕಾಂಗಳ ನಡುವಿನ ಅಗ್ಗದ ಕರೆಂಟ್ ಹಂಚಿಕೆಗೆ ಪೈಪೋಟಿ ಬಂದ ಮೇಲೆ ಏನು ಗತಿ ಅಂತ ಮೊದಲ ಪ್ರಶ್ನೆ ಇರಲಿ. ಆಮೇಲೆ ಇಳಿಯುವ ಸರ್‌ಚಾರ್ಜಿನ ಪಟ್ಟಿ, ನಷ್ಟದ ಲೆಕ್ಕ, ಸ್ಟ್ಯಾಂಡ್‌ಬೈ ಶುಲ್ಕ, ಮುಂಗಡ ಸಬ್ಸಿಡಿ. ನಾನು ಕರಡು ಬರೆಯುತ್ತೇನೆ. ಶಹಾಬಾದ್‌ನವರು ತಮ್ಮ ಬಿಲ್ಲಿನ ಲೆಕ್ಕ ಕೊಟ್ಟರೆ ಬಲ ಬರುತ್ತದೆ.

ನಿವೃತ್ತ ಎಇಇ, ಬೀದರ್

ಆಕ್ಷೇಪಣೆ ಲಿಖಿತವಾಗಿರಲಿ, ಅಫಿಡವಿಟ್ ಸಮೇತ. ಪತ್ರಿಕೆಯಲ್ಲಿ ಪ್ರಕಟಣೆ ಬಂದ ಮೇಲೆ ಅದರಲ್ಲಿ ಹೇಳಿದ ದಿನದೊಳಗೆ ಆಯೋಗಕ್ಕೆ ತಲುಪಬೇಕು, ಒಂದು ಪ್ರತಿ ಜೆಸ್ಕಾಂಗೂ ಹೋಗಬೇಕು. ವಿಚಾರಣೆ ದಿನ ಮಾತಾಡುವ ಇಚ್ಛೆ ಇದ್ದರೆ ಅದರಲ್ಲೇ ಬರೆಯಿರಿ. ಅರ್ಜಿಯ ಯಾವ ಪುಟ, ಯಾವ ಕೋಷ್ಟಕ ಅಂತ ನಮೂದಿಸಿದರೆ ಅವರು ಉತ್ತರ ಕೊಡಲೇಬೇಕಾಗುತ್ತದೆ.

ಅಫಜಲಪುರ ಕಬ್ಬು-ತೊಗರಿ

ಹಗಲು ಹೊತ್ತು ತ್ರೀಫೇಸ್ ಅನ್ನುವ ಮಾತೂ ಸೇರಿಸಿ ಲೆಕ್ಕಿಗ ಅಣ್ಣ. ಮಧ್ಯಾಹ್ನ ಸೋಲಾರ್ ಅಗ್ಗ ಅಂತ ಪುಣೆ ಹುಡುಗ ಅಷ್ಟು ಹೇಳಿದನಲ್ಲ, ಆ ಅಗ್ಗದ ಕರೆಂಟಿನಲ್ಲಿ ನಮ್ಮ ಪಂಪು ಓಡಿದರೆ ಸರ್ಕಾರದ ಸಬ್ಸಿಡಿಯೂ ಉಳಿಯುತ್ತದೆ, ನಮ್ಮ ರಾತ್ರಿ ನಿದ್ದೆಯೂ ಉಳಿಯುತ್ತದೆ. ಸಹಿ ಹಾಕಲು ನಮ್ಮ ಊರಿನವರು ಬರುತ್ತಾರೆ.

ಶಹಾಬಾದ್ ಪಾಲಿಶ್ ಯೂನಿಟ್

ಐದು ವರ್ಷದ ಗಡುವು ಮಾತ್ರ ಕರಡಿನಿಂದ ತೆಗೆಯಬೇಡಿ. ಅದು ಇದ್ದರೆ ನಮ್ಮವರೂ ಸಹಿ ಹಾಕುತ್ತಾರೆ. ಹಿಂದಿನ ವರ್ಷದ ಬಿಲ್ಲುಗಳನ್ನು ಸೋಮವಾರ ತಂದುಕೊಡುತ್ತೇನೆ.